ಲಾಭದ ಸಾಲು

"ಇಡು ಕೆಳಗ! ಯಾರು ಹೇಳಿದ್ರು ನಿನಗ ಬರಿ ಅಂತ?"

ಹೊನ್ನವ್ವ ಅಣ್ಣನ ಮಗನ ಕೈಯಿಂದ ಕುಂಚ ಕಸಿದುಕೊಂಡ ರಭಸಕ್ಕೆ ಕೆಮ್ಮಣ್ಣು ಸಿಡಿದು ಅವಳ ಸೆರಗಿಗೆ ಹತ್ತಿತು. ಕಟ್ಟೆಯ ಮೇಲೆ ಕೂರಿಸಿದ್ದ ಗಂಡನ ತಲೆಯ ಹೊಸ ರುಮಾಲಿಗೂ ಒಂದು ಹನಿ ಬಿತ್ತು. ಭಜನೆಯವರು ತಾಳ ನಿಲ್ಲಿಸಿ ನೋಡಿದರು.

"ಅತ್ತಿ, ಒಂದ ಸಾಲು," ಎಂದ ಕಳಕಪ್ಪ. ಇಪ್ಪತ್ತೆರಡರ ಗಟ್ಟಿ ಆಳು, ಆದರೆ ಕಣ್ಣು ತುಂಬಿದ್ದವು. "ಮಾಂವ ಹೋಗೂದರಾಗ ನಮ್ಮೂರ ಹೆಸರು ಮ್ಯಾಲ ಬರ್ಲಿ. ನಾವು ಗೆದ್ದೀವಿ ಅಂತ ಮಾಂವಗ ಗೊತ್ತಿತ್ತು. ನಿನಗೂ ಗೊತ್ತೈತಿ."

"ಗೊತ್ತಿದ್ರ ಆತೇನು? ಬೆಳವಣಕಿಯವರು ಬಂದು ಹೇಳ್ಯಾರೇನು?"

"ಮಣ್ಣು ಮುಗದ ಮ್ಯಾಲ ಬಂದು ಹೇಳಿದ್ರ ಏನ ಬಂತು?"

"ಬಂದಾಗ ಬರ್ಲಿ. ಗೆದ್ದವರ ಕೈಲೆ ಈ ಗೋಡಿ ಬರಸೂ ಪದ್ಧತಿ ನಮ್ಮ ಮನ್ಯಾಗಿಲ್ಲ."

ನೆರೆಮನೆಯ ಮುದುಕವ್ವ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಅಯ್ಯ ಶಿವನ! ಗಂಡ ಹೋದ್ರೂ ಗಂಡನ ಹಟ ಹೋಗ್ಲಿಲ್ಲ ನೋಡ್ರಿ. ಒಂಬತ್ತು ವರ್ಷ ಇಕಿನೇ ಅವಗ ಗಂಟ ಬಿದ್ದಿದ್ಲು, ತವರೂರ ಹೆಸರು ಮ್ಯಾಲ ಬರಿ, ಬರಿ ಅಂತ."

ಅದು ಸುಳ್ಳೇನಲ್ಲ. ಹೊನ್ನವ್ವ ಕುಂಚವನ್ನು ಮಡಿಕೆಯೊಳಗೆ ಇಟ್ಟು, ಗಂಡನ ಕೊರಳಿನ ಮಾಲೆ ಸರಿಮಾಡಿದಳು. ಮುಂಜಾನೆ ತೀರಿಕೊಂಡ ಗುರುಸಂಗಪ್ಪನನ್ನು ತಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂರಿಸಿದ್ದರು. ನರಗುಂದದ ಪೇಟೆಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ, ಹಗಲು ಹೊತ್ತಿನಲ್ಲಿ ಇಷ್ಟು ಹೊತ್ತು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಅವನ ತಲೆಯ ಮೇಲೆ, ಸುಣ್ಣ ಬಳಿದ ಗೋಡೆಯಲ್ಲಿ, ಕೆಮ್ಮಣ್ಣಿನಲ್ಲಿ ಬರೆದ ಒಂಬತ್ತು ಪಟ್ಟಿಗಳು. ಒಂಬತ್ತು ಸುಗ್ಗಿಗಳ ಹುತುತು, ಅಂದರೆ ಕಬಡ್ಡಿ ಆಟದ ಪಟ್ಟಿಗಳು ಅವು. ಪ್ರತಿಯೊಂದರಲ್ಲೂ ಹನ್ನೊಂದು ಊರುಗಳ ಹೆಸರು, ಗಟ್ಟಿಯ ತಂಡ ಮೇಲೆ, ಮೆತ್ತನೆಯದು ಕೆಳಗೆ. ಕೊನೆಯ ಪಟ್ಟಿಯಲ್ಲಿ ಮಾತ್ರ ಮೊದಲ ಸಾಲು ಖಾಲಿ ಇತ್ತು.

*

ಕಾಳು ಅಳೆಯುವವರು ಎಣಿಕೆಯನ್ನು ಒಂದರಿಂದ ಶುರು ಮಾಡುವುದಿಲ್ಲ. ಮೊದಲನೆಯದಕ್ಕೆ 'ಲಾಭ' ಎನ್ನುತ್ತಾರೆ, ಆಮೇಲೆ ಎರಡು, ಮೂರು. ಗುರುಸಂಗಪ್ಪ ಗೋಡೆಯ ಮೇಲೂ ಹಾಗೇ ಬರೆದ. ಮೊದಲ ಸಾಲಿಗೆ 'ಲಾಭ', ಅದರ ಮುಂದೆ ಊರಿನ ಹೆಸರು. ಲಾಭದ ಸಾಲು ಹಿಡಿಯುವುದಕ್ಕೆ ಹನ್ನೊಂದು ಊರಿನ ಪೈಲ್ವಾನರು ಸುಗ್ಗಿ ಬಂದದ್ದೇ ತಡ ಲಂಗೋಟಿ ಬಿಗಿಯುತ್ತಿದ್ದರು. ಬಹುಮಾನ ಎಂದರೆ ಆ ಸಾಲು, ಅಷ್ಟೇ.

ಮೊದಲ ವರ್ಷವೇ ಅವನಿಗೆ ಬುದ್ಧಿ ಬಂದಿತ್ತು. ಪೇಟೆಗೆ ಜೋಳ, ಹತ್ತಿ ತಂದ ಪ್ರತಿ ಊರಿನವನೂ ನಾವೇ ಗೆದ್ದೆವು ಎನ್ನುತ್ತಿದ್ದ. ಒಂದೇ ಆಟವನ್ನು ಹೊಳೆಆಲೂರಿನವರೂ ಗೆದ್ದಿದ್ದರು, ಅವರ ಎದುರಾಳಿಗಳೂ ಗೆದ್ದಿದ್ದರು. ತಲೆಕೆಟ್ಟ ಗುರುಸಂಗಪ್ಪ ಒಂದು ಕಟ್ಟಳೆ ಮಾಡಿದ: ಸೋತವರ ತಂಡದವನೊಬ್ಬ ಈ ಕಟ್ಟೆಗೆ ಬಂದು ಸೋತೆವು ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವ ತನಕ ಗೆದ್ದವರು ಗೆದ್ದಂತಲ್ಲ.

"ಯಾಂವ ಬಂದು ಹೇಳ್ತಾನ್ರೀ ಸೋತೇನಿ ಅಂತ? ಹುಚ್ಚು ಹಿಡದೈತೇನು?" ಎಂದಿದ್ದಳು ಹೊನ್ನವ್ವ.

"ಬರ್ತಾರ. ನೀ ಚಹಾ ಮಾಡಿ ಕೊಡು. ಸೋತು ಬಂದವರಿಗೆ ಬೆಲ್ಲದ ಚಹಾ, ಗೆದ್ದು ಬಂದವರಿಗೆ ಬರೇ ನೀರು."

ಬಂದರು! ಮೊದಮೊದಲು ಮುಖಕ್ಕೆ ಟವೆಲು ಸುತ್ತಿಕೊಂಡು, ಆಮೇಲೆ ರಾಜಾರೋಷವಾಗಿ ಬಂದರು. ಹೊನ್ನವ್ವನ ಚಹಾ ಕುಡಿಯಲಿಕ್ಕೇ ಸೋಲುತ್ತಾರೆ ಎಂದು ಪೇಟೆಯಲ್ಲಿ ನಗೆಯಾಡಿದರು. ಹೊನ್ನವ್ವನ ತವರು ಗುಳಗಂದಿಯವರಂತೂ ಮನೆ ಮಂದಿಯಂತೆ ವಾರವಾರ ಬಂದು ಚಹಾ ಕುಡಿದು ಹೋಗುತ್ತಿದ್ದರು. ಹೊಳೆ ದಂಡೆಯ ಮೂವತ್ತು ಮನೆಯ ಊರು, ಮಹಾಪೂರ ಬಂದಾಗಲೆಲ್ಲ ಅರ್ಧ ಗೋಡೆ ಬೀಳುತ್ತಿತ್ತು. ಎಂಟು ವರ್ಷ, ಎಂಟೂ ಪಟ್ಟಿಯಲ್ಲಿ ಅದು ಹನ್ನೊಂದನೆಯ ಸಾಲು.

ಹೊನ್ನವ್ವನಿಗೆ ಓದು ಬರದು. ಆದರೆ ಕೊನೆಯ ಸಾಲು ಅವಳು ಕಸ ಹೊಡೆಯುವಾಗ ಕಣ್ಣಿಗೆ ಸಮನಾಗಿ ಬರುತ್ತಿತ್ತು. ಆ ನಾಲ್ಕು ಅಕ್ಷರ ಬಾಯಿಪಾಠವಾಗಿದ್ದವು.

"ಒಂದ್ ವರ್ಷ ಸೈತ ಹತ್ತನೇದ ಬರಿಲಿಕ್ಕೆ ನಿಮ್ಮ ಕೈಗೆ ಬ್ಯಾನಿ ಆಗೈತೇನ್ರಿ? ಹೆಣ್ಣ ಕೊಟ್ಟ ಊರದು!"

"ಹೆಣ್ಣು ಚಲೋ ಕೊಟ್ಟಾರ. ಹುತುತು ಚಲೋ ಆಡ್ಯಾರೇನು?" ಎಂದು ಗುರುಸಂಗಪ್ಪ ನಗುತ್ತಿದ್ದ.

*

ಸ್ವಾಮಿಗಳು ಬಿಸಿಲು ನೋಡಿದರು. "ಹೊತ್ತಾತವ್ವ. ಕುಣಿ ತಯಾರ ಐತಿ. ಎತ್ತೋಣಲಾ?"

"ಇನ್ನೊಂದು ಗಳಿಗಿ ತಡೀರಿ, ಸ್ವಾಮ್ಯಾರ."

ಗುರುಸಂಗಪ್ಪನ ಜೊತೆ ಚೀಲ ಹೊತ್ತು ಬಾಳು ಸವೆಸಿದ ಹಮಾಲ ಗೌಸುಸಾಬ ಕಟ್ಟೆಯ ಕೆಳಗೆ ಕೂತಿದ್ದ. ಗೆಳೆಯನ ಮಣಭಾರದ ತೂಕದ ಕಲ್ಲನ್ನು ಪೇಟೆಯಿಂದ ಅವನೇ ಹೊತ್ತು ತಂದು ಕಾಲ ಬಳಿ ಇಟ್ಟಿದ್ದ. ಗುರುಸಂಗಪ್ಪ ಗಿಡ್ಡ, ಲಾಭದ ಸಾಲು ಬರೆಯುವಾಗ ಆ ಕಲ್ಲಿನ ಮೇಲೆಯೇ ಹತ್ತಿ ನಿಲ್ಲುತ್ತಿದ್ದ.

"ವೈನೀ, ನಾ ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದ ಗೌಸುಸಾಬ. "ನಾಕ ದಿವಸ ಹಗಲೆಲ್ಲಾ ಅವಂದು ಒಂದ ಜಪ. ಗಾಡಿ ಬಂದ್ರ ಸಾಕು, 'ಬೆಳವಣಕೀದೇನೋ ಗೌಸ್ಯಾ, ನೋಡೋ' ಅಂತಿದ್ದ. ಒಂದೂ ಬರಲಿಲ್ಲ. ಅವರು ಜ್ವಾಳ ಎಲ್ಲಾ ಗದಗಿಗೆ ಹೊಡಕೊಂಡು ಹೋಗ್ಯಾರ. ಇವತ್ತ ಮುಂಜಾನಿ ತೂಕ ಮಾಡ್ಕೋತ ಹದಿನೇಳು ಅಂದ, ಹಳ್ಳಿ ಹಾದಿ ಕಡೆ ನೋಡಿದ. ಹದಿನೆಂಟು ಅನ್ನಲಿಲ್ಲ."

ಹೊನ್ನವ್ವ ಅವನನ್ನೇ ನೋಡುತ್ತ ನಿಂತಳು. "ಖರೇನ? ಅವರೂ ಹಾದಿ ನೋಡ್ತಿದ್ರಾ?"

"ನಿಮಗಿಂತ ಹೆಚ್ಚು ನೋಡ್ತಿದ್ದ."

ಆಗ ಅವಳಿಗೆ ಅಳು ಒತ್ತರಿಸಿ ಬಂತು. ಮುಂಜಾನೆಯಿಂದ ಬಾರದ ಅಳು. ನಿನ್ನೆ ಸಂಜೆ ಅವನಿಗೆ ಏನೆಲ್ಲ ಅಂದಿದ್ದಳು!

*

ಈ ವರ್ಷ ಗುಳಗಂದಿಯ ಹುಡುಗರಿಗೆ ಏನಾಗಿತ್ತೋ. ಕಳಕಪ್ಪ ಮಳೆಗಾಲ ಇಳಿದ ಮೇಲೆ ಏಳು ಜನರ ತಂಡ ಕಟ್ಟಿಕೊಂಡು ಹೊಳೆಯ ಉಸುಕಿನಲ್ಲಿ ದಿನಾ ಓಡಿಸಿದ. ಮಹಾಪೂರ ಮನೆ ಕೆಡವಿದರೂ ಉಸುಕು ಬಿಟ್ಟು ಹೋಗಿತ್ತಲ್ಲ, ಅದರಲ್ಲಿ ಆಡಿದ ಕಾಲುಗಳು ಗಟ್ಟಿ ನೆಲ ಕಂಡರೆ ಹಾರುತ್ತಿದ್ದವು. ಸಂಕ್ರಾಂತಿಗೆ ಏಳನೆಯ ಸಾಲು, ಶಿವರಾತ್ರಿಗೆ ನಾಲ್ಕು, ಹೋಳಿಗೆ ಎರಡು. ಸೋತವರು ಒಬ್ಬೊಬ್ಬರಾಗಿ ಬಂದು ಚಹಾ ಕುಡಿದರು. ಹೊನ್ನವ್ವ ಎಂದೂ ಹಾಕದಷ್ಟು ಬೆಲ್ಲ ಹಾಕಿದಳು.

ಕೊನೆಯ ಆಟ ರವಿವಾರ ಹೊಳೆಆಲೂರಿನಲ್ಲಿ, ನಾಲ್ಕು ವರ್ಷ ಲಾಭದ ಸಾಲು ಬಿಡದ ಬೆಳವಣಕಿಯ ಜೊತೆ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಎರಡೂ ಕಡೆ ಸಮ, ಉಳಿದದ್ದು ಒಂದೇ ಓಟ. ಬೆಳವಣಕಿಯ ನಾಯಕ ಅಂದಾನಪ್ಪ, ಗೌಡರ ಮನೆಯ ಆನೆಯಂಥ ಆಳು, ಹುತುತು ಎನ್ನುತ್ತ ಒಳಗೆ ನುಗ್ಗಿದ. ಕಳಕಪ್ಪ ಅವನ ಕಾಲು ಹಿಡಿದ. ಏಳೂ ಜನ ಮೇಲೆ ಬಿದ್ದರು. ಎಲ್ಲರನ್ನೂ ಎಳೆದುಕೊಂಡೇ ಅಂದಾನಪ್ಪ ಗೆರೆಗೆ ಕೈ ಚಾಚಿದ. ಧೂಳು! ಕೈ ಗೆರೆ ಮುಟ್ಟಿತ್ತು, ಎಲ್ಲರೂ ಕಂಡರು. ಆದರೆ ಮುಟ್ಟುವ ತನಕ ಉಸಿರು ಇತ್ತೋ, ನಡುವೆ ಕಡಿದಿತ್ತೋ? ಪಂಚರಿಗೆ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಎರಡೂ ಊರು ತಾವೇ ಗೆದ್ದೆವೆಂದು ಹಲಗೆ ಬಾರಿಸುತ್ತ ಮನೆಗೆ ಹೋದವು.

ಗುರುಸಂಗಪ್ಪ ಗೆರೆಯಿಂದ ಮೂರು ಮೊಳ ದೂರದಲ್ಲಿ ಕೂತಿದ್ದ. ಮನೆಗೆ ಬಂದವನೇ ಲಾಭದ ಸಾಲಿನಲ್ಲಿದ್ದ ಬೆಳವಣಕಿಯ ಹೆಸರಿನ ಮೇಲೆ ಸುಣ್ಣ ಬಳಿದ. ಖಾಲಿ ಬಿಟ್ಟ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಬುಧವಾರ ಸಂಜೆ ಹೊನ್ನವ್ವನ ಸಹನೆ ತೀರಿತು.

"ಉಸರು ಕಡದದ್ದು ನಿಮಗ ಕೇಳ್ಸಿತ್ತೋ ಇಲ್ಲೋ? ನನ್ನ ಮಾರಿ ನೋಡಿ ಹೇಳ್ರಿ."

"ಕೇಳ್ಸಿತ್ತು."

"ಮತ್ತ ಬರೀರಲ್ಲ!"

"ಕಿವಿ ನನ್ನದು, ತವರು ನಿಂದು. ಇಂಥಾ ಕಿವಿ ಮಾತು ನಡ್ಯಾಂಗಿಲ್ಲ, ಹೊನ್ನಿ. ತೂಗಾಂವ ತಕ್ಕಡಿಗೆ ಹೆಬ್ಬಟ್ಟ ಹಚ್ಚಬಾರದು."

"ಒಂಬತ್ತು ವರ್ಷ ಊರ ಮಂದಿಗೆಲ್ಲಾ ನ್ಯಾಯ ಮಾಡಿದ್ರಿ, ನನಗೊಬ್ಬಾಕಿಗೆ ಮಾಡ್ಲಿಲ್ಲ. ನಿಮ್ಮ ಗೋಡಿ ಕಟಗೊಂಡು ನೀವ ಇರ್ರಿ!"

ರೊಟ್ಟಿ ತಟ್ಟಿ ಮುಂದಿಟ್ಟಳು, ಮಾತಾಡಲಿಲ್ಲ. ಮುಂಜಾನೆ ಅವನು ತಕ್ಕಡಿ ಹೆಗಲಿಗೇರಿಸಿ ಹೊರಟಾಗಲೂ ಮಾತಾಡಲಿಲ್ಲ.

*

"ಗಾಡಿ!" ಎಂದ ಕಳಕಪ್ಪ.

ಹಳ್ಳಿ ಹಾದಿಯಲ್ಲಿ ಮೂರು ಚಕ್ಕಡಿ, ಮುಂದಿನದರಲ್ಲಿ ಅಂದಾನಪ್ಪ. ಗುರುಸಂಗಪ್ಪನಿಂದ ತಪ್ಪಿಸಿಕೊಂಡು ಗದಗಿಗೆ ಜೋಳ ಹೊಡೆಯಬಹುದು. ಸತ್ತ ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಕೂರಲಿಕ್ಕೆ ಯಾವ ಊರಿನವರಿಗೂ ಆಗುವುದಿಲ್ಲ. ಅಂದಾನಪ್ಪ ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ದೊಡ್ಡ ಮಾಲೆ ಹಿಡಿದು ಕಟ್ಟೆ ಹತ್ತಿದ. ಮಾಲೆ ಹಾಕಿದ, ಕಾಲು ಮುಟ್ಟಿದ. "ದೊಡ್ಡ ಮನಶ್ಯಾ ಹೋದ್ರಿ, ಯವ್ವಾ," ಎಂದು ತಿರುಗಿದ.

ಹೊನ್ನವ್ವ ಅವನನ್ನು ತಡೆಯಲಿಲ್ಲ. ಗಂಡ ಒಂಬತ್ತು ವರ್ಷ ಕಟ್ಟೆ ಹತ್ತಿದವರಿಗೆಲ್ಲ ಕೇಳುತ್ತಿದ್ದ ಒಂದೇ ಮಾತನ್ನು ಅವನದೇ ಧಾಟಿಯಲ್ಲಿ, ಸಾವಕಾಶ ಕೇಳಿದಳು.

"ಯಾರು ಸೋತ್ರಪಾ?"

ಅಂದಾನಪ್ಪನ ಕಾಲು ನಿಂತವು. ಅವನ ಹಿಂದೆ ಬೆಳವಣಕಿಯ ಉಳಿದ ಆರು ಜನ, ಎದುರಿಗೆ ಗುಳಗಂದಿಯ ಏಳು ಜನ, ಬೀದಿ ತುಂಬ ಪೇಟೆಯ ಮಂದಿ, ಉಳಿದ ಊರುಗಳಿಂದ ಮಣ್ಣಿಗೆ ಬಂದವರು. ತಾಳದವರು ತಾಳವನ್ನು ಮಡಿಲಿಗೆ ಇಳಿಸಿದರು. ಅಂದಾನಪ್ಪ ಖಾಲಿ ಸಾಲು ನೋಡಿದ, ಅದರ ಕೆಳಗೆ ಕಣ್ಣು ಮುಚ್ಚಿ ಕೂತ ಗುರುಸಂಗಪ್ಪನನ್ನು ನೋಡಿದ.

"ಗೆರಿ ಮುಟ್ಟಿದ್ದು ಖರೆ," ಎಂದ. "ಮುಟ್ಟೂಕಿಂತ ಮೊದಲ ಉಸರು ಹೋಗಿತ್ತು. ಅದು ನನಗೊಬ್ಬಗ ಗೊತ್ತಿತ್ತು ಅಂತ ತಿಳದಿದ್ನಿ. ಎದ್ದು ನಿಂತಾಗ ಈ ಅಪ್ಪಾರು ನನ್ನ ಮಾರಿನೇ ನೋಡಾಕತ್ತಿದ್ರು. ಅದಕ್ಕ ಈ ಕಡೆ ಹಾಯಾಕ ಧೈರ್ಯ ಸಾಲಲಿಲ್ಲ." ಕೈ ಜೋಡಿಸಿ ಹೆಣದ ಮುಂದೆ ಮಂಡಿಯೂರಿದ. "ತೂಕದ ಅಪ್ಪಾರ, ನಾವು ಸೋತೇವಿ. ಬೆಳವಣಕಿ ಸೋತೈತಿ, ಗುಳಗಂದಿ ಗೆದ್ದೈತಿ. ಬರಕೋರಿ."

ಹೊನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು ನೆರೆಮನೆಯ ಕಡೆ ತಿರುಗಿದಳು.

"ಮುದುಕವ್ವಾ, ನಮ್ಮನ್ಯಾಗ ಇವತ್ತ ಒಲಿ ಹಚ್ಚಾಂಗಿಲ್ಲ. ನಿಮ್ಮನ್ಯಾಗಿಂದ ಚಹಾ ಮಾಡ್ಕೊಂಡು ಬಾ. ಬೆಲ್ಲ ಜಾಸ್ತಿ ಹಾಕು. ಸೋತವರು ಬಂದಾರ."

ಗೋಳೋ ಎಂದು ಅತ್ತವರು ಕೆಲವರು, ನಕ್ಕವರು ಕೆಲವರು, ಎರಡನ್ನೂ ಕೂಡಿಯೇ ಮಾಡಿದವರು ಬಹಳ. ಕಳಕಪ್ಪ ಹೋಗಿ ಅಂದಾನಪ್ಪನನ್ನು ಎಬ್ಬಿಸಿ ತಬ್ಬಿಕೊಂಡ. ಹೊನ್ನವ್ವ ತಾನೇ ಕುಂಚ ತೆಗೆದುಕೊಂಡಳು. ಗೌಸುಸಾಬ ತೂಕದ ಕಲ್ಲನ್ನು ಗೋಡೆಗೆ ಸರಿಸಿದ. ಅವಳು ಅದರ ಮೇಲೆ ಹತ್ತಿ, ಗಂಡನ ರುಮಾಲಿನ ಪಕ್ಕದಲ್ಲಿ ನಿಂತು, ಎಂಟು ವರ್ಷ ಕೆಳಗಿನ ಸಾಲಿನಲ್ಲಿ ಕಂಡು ಕಂಡು ಕಲಿತ ನಾಲ್ಕು ಅಕ್ಷರವನ್ನು ಮೇಲಿನ ಸಾಲಿಗೆ ಬರೆದಳು. ಗು. ಳ. ಗಂ. ದಿ. ಒಂದು ದೊಡ್ಡದು, ಒಂದು ಸಣ್ಣದು. ಆದರೂ ಓದಲಿಕ್ಕೆ ಬರುತ್ತಿತ್ತು.

"ಲಾಭಾ!" ಗೌಸುಸಾಬ ಪೇಟೆಯ ದನಿಯಲ್ಲಿ ಕೂಗಿದ.

"ಲಾಭಾ!" ಬೀದಿಯೆಲ್ಲ ಕೂಗಿತು. ಬೆಳವಣಕಿಯವರೂ ಕೂಗಿದರು.

"ಎರಡನೇದು ನೀ ಬರಿ," ಎಂದು ಹೊನ್ನವ್ವ ಕುಂಚವನ್ನು ಅಂದಾನಪ್ಪನಿಗೆ ಕೊಟ್ಟಳು. ಅವನು ಮುದುಕವ್ವ ತಂದುಕೊಟ್ಟ ಚಹಾದ ಬಟ್ಟಲು ಕೆಳಗಿಟ್ಟು, ಎರಡನೆಯ ಸಾಲಿನ ಗುಳಗಂದಿಗೆ ಸುಣ್ಣ ಬಳಿದು, ತನ್ನೂರಿನ ಹೆಸರನ್ನು ತಾನೇ ಬರೆದ.

ಆಮೇಲೆ ಹೆಣ ಕೂರಿಸಿ ಹೊರುವ ವಿಮಾನ ತಂದರು. ಯಾರು ಮೊದಲು ಹೆಗಲು ಕೊಡಬೇಕೆಂದು ಯಾರೂ ಕೇಳಲಿಲ್ಲ. ಗುಳಗಂದಿಯವರು ಮುಂದೆ, ಬೆಳವಣಕಿಯವರು ಹಿಂದೆ, ಉಳಿದ ಊರಿನವರು ಗೋಡೆಯ ಮೇಲಿದ್ದ ಸಾಲಿನ ಪ್ರಕಾರ. ಗುರುಸಂಗಪ್ಪನನ್ನು ಕೂರಿಸಿ, ಹರಹರ ಎಂದು ಹೆಗಲಿಗೆ ಎತ್ತಿದಾಗ ಅವನ ತಲೆ ಲಾಭದ ಸಾಲಿಗೆ ಸಮನಾಗಿ ಬಂತು. ರುಮಾಲು ಹಸಿ ಅಕ್ಷರಕ್ಕೆ ಸವರಿತು.

"ಅತ್ತಿ, ಬಣ್ಣ ಹತ್ತಿತು," ಎಂದು ಕಳಕಪ್ಪ ಒರೆಸಲು ಕೈ ಎತ್ತಿದ.

"ಇರ್ಲಿ ಬಿಡು," ಎಂದಳು ಹೊನ್ನವ್ವ.

ಹಲಗೆ ಶುರುವಾಯಿತು. ಹನ್ನೊಂದು ಊರಿನ ಹೆಗಲುಗಳ ಮೇಲೆ, ಬಿಳಿ ರುಮಾಲಿಗೆ ಅವಳ ತವರಿನ ಕೆಂಪು ಹಚ್ಚಿಕೊಂಡು, ಗುರುಸಂಗಪ್ಪ ಪೇಟೆಯ ನಡುವೆ ಕೂತು ಹೊರಟ.