ಎರಡು ಬಸ್ಸಿನ ದಾರಿ

ಹೊಲಿಗೆ ಲೈನಿನ ಮೇಲ್ವಿಚಾರಕಿ ಕಾಲರಿನ ಎರಡು ಮೂಲೆಗಳನ್ನೂ ಒಂದರ ಮೇಲೊಂದಿಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. "ಹತ್ತು ವರ್ಷ ಹೊಲಿದೋರಿಗೂ ಈ ಮೂಲೆ ಬರಲ್ಲ ಸರ್," ಎಂದು ಅದನ್ನು ನೇಮಕಾತಿ ಅಧಿಕಾರಿಯ ಮೇಜಿನ ಮೇಲಿಟ್ಟು ಹೋದಳು.

ಹೊಲಿದ ಹುಡುಗಿ ಎದುರಿಗೇ ಕೂತಿದ್ದಳು. ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಬಟ್ಟೆ ಕಾರ್ಖಾನೆಯವರು ಈ ಸಲ ಅಂಥವರಿಗೆಂದೇ ನಾಲ್ಕು ಜಾಗ ಇಟ್ಟಿದ್ದರು. ಅಧಿಕಾರಿ ಕೆಟ್ಟವನೇನಲ್ಲ, ಆದರೆ ಎಲ್ಲರಂತೆ ಅವನೂ ಅವಳನ್ನು ಬಿಟ್ಟು ಅವಳ ಅಪ್ಪನನ್ನೇ ನೋಡಿ ಮಾತಾಡುತ್ತಿದ್ದ.

"ಒಬ್ಬಳೇ ಓಡಾಡ್ತಾಳಾ?"

ಎಂಟು ತಿಂಗಳಿಂದ ಅವಳು ಎರಡು ಬಸ್ಸು ಹತ್ತಿ, ಈ ಕಾರ್ಖಾನೆಯ ಪಕ್ಕದ ಬೀದಿಯ ಹೊಲಿಗೆ ತರಗತಿಗೆ ಒಬ್ಬಳೇ ಬಂದು ಹೋಗುತ್ತಿದ್ದಳು. ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಂಥ ಮಗಳನ್ನು ಬೀದಿಗೆ ಬಿಟ್ಟವನು ಅನ್ನಿಸಿಕೊಳ್ಳುವುದೇ? ನೆಂಟರ ಮುಂದೆ ಹೇಳಿ ಹೇಳಿ ರೂಢಿಯಾದ ಮಾತೇ ಬಾಯಿಗೆ ಬಂತು.

"ಅಯ್ಯೋ, ಒಬ್ಬಳೇ ಹೇಗ್ ಬಿಡ್ಲಿ ಸರ್? ಹೆತ್ತೋರಲ್ವಾ! ಎಲ್ಲಿಗೇ ಹೋಗ್ಲಿ, ಕೈ ಹಿಡ್ಕೊಂಡೇ ಕರ್ಕೊಂಡ್ ಹೋಗ್ತೀನಿ."

ಒಳ್ಳೆಯ ಮಾತೇ ಆಡಿದೆನೆಂದು ಅವನು ನೆಟ್ಟಗೆ ಕೂತ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ.

"ಹಾಗಾದ್ರೆ ಕಷ್ಟ ಯಜಮಾನ್ರೇ. ಪಾಳಿ ಕೆಲಸ. ದಾರೀಲಿ ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ."

"ಇಲ್ಲ ಸರ್, ಬರ್ತಾಳೆ! ಒಬ್ಬಳೇ ಬರ್ತಾಳೆ, ಎರಡು ಬಸ್ಸು ಹತ್ತಿ..."

"ಈಗ್ತಾನೆ ಕೈ ಬಿಡಲ್ಲ ಅಂದ್ರಲ್ಲ!" ಅಧಿಕಾರಿ ನಕ್ಕ. "ಕೆಲಸ ಬೇಕು ಅಂತ ಹೀಗ್ ಹೇಳ್ತೀರಿ, ಅರ್ಥ ಆಗುತ್ತೆ ಬಿಡಿ."

ಅವರಿಬ್ಬರ ತುಟಿಗಳನ್ನೇ ನೋಡುತ್ತಿದ್ದ ಹುಡುಗಿ ಚೀಲದಿಂದ ಅಂಚು ಸವೆದ ಬಸ್ ಪಾಸ್ ತೆಗೆದು ಮೇಜಿನ ಮೇಲಿಟ್ಟಳು. ತನ್ನ ಎದೆ ಮುಟ್ಟಿಕೊಂಡು ಒಂದೇ ಬೆರಳು ಎತ್ತಿ ತೋರಿಸಿದಳು.

ಅಧಿಕಾರಿ ಅಪ್ಪನ ಕಡೆ ತಿರುಗಿದ. "ಏನಂತೆ?"

"ಒಬ್ಬಳೇ ಬರ್ತೀನಿ ಅಂತಾಳೆ ಸರ್." ಅಪ್ಪ ಹೇಳಿದ. ಅವನ ಮಾತಿಗೆ ಈಗ ಕವಡೆ ಕಿಮ್ಮತ್ತೂ ಇರಲಿಲ್ಲ.

"ನೋಡೋಣ, ತಿಳಿಸ್ತೀವಿ," ಎಂದು ಅಧಿಕಾರಿ ಪಾಸನ್ನು ಕಾಲರಿನ ಜೊತೆಗೇ ಅವಳತ್ತ ಸರಿಸಿ, ಹೊರಗೆ ಕಾಯುತ್ತಿದ್ದವರನ್ನು ಕರೆದ.

ಮನೆಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿಯನ್ನು ಕಂಡೊಡನೆ ಹುಬ್ಬು ಹಾರಿಸಿ, ಪಕ್ಕದಲ್ಲಿ ಯಾರೆಂದು ಕೈಸನ್ನೆ ಮಾಡಿ ಕೇಳಿದ. ಅವಳು ಇಲ್ಲದ ಮೀಸೆ ತಿರುವಿ ತೋರಿಸಿದಳು.

"ಓ, ಅಪ್ಪಾನಾ! ದಿನಾ ಒಬ್ಬಳೇ ಬರ್ತಾಳಲ್ಲ, ಅದಕ್ಕೇ ಕೇಳ್ದೆ," ಎಂದ ಕಂಡಕ್ಟರ್.

ಅಪ್ಪ ತನಗೊಂದು ಟಿಕೆಟ್ ತೆಗೆದುಕೊಂಡ.

ಬಸ್ಸು ಬದಲಿಸುವ ಕಡೆ ಇಳಿದಾಗ, ಬೆಳಿಗ್ಗೆ ಮಗಳ ಹಿಂದೆ ಹಿಂದೆ ಬಂದಿದ್ದವನಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಅವಳು ಎರಡೂ ಕಡೆ ನೋಡಿ, ಅವನ ಕೈ ಹಿಡಿದು ರಸ್ತೆ ದಾಟಿಸಿದಳು.