ವಾಕರ್ ಸಾಹೇಬರ ಅಡ್ಡಹೆಸರು

ಅಡ್ಡಹೆಸರು ಬದಲಿಸಲು ಬಹಳ ಖರ್ಚೇನಿಲ್ಲ. ನೋಟರಿಗೆ ಐನೂರು, ಪತ್ರಿಕೆಯ ಜಾಹೀರಾತಿಗೆ ಮೂರು ಸಾವಿರ, ಗೆಜೆಟ್ಟಿಗೆ ಇನ್ನೊಂದಿಷ್ಟು, ಮೇಲೆ ಆಟೋ ಬಾಡಿಗೆ. ಇಷ್ಟರಲ್ಲೇ ಚೇತನಕುಮಾರ ಮಡಿವಾಳರ ಎಂಬ ಹುಡುಗ ಚೇತನಕುಮಾರ ಆಳಂದಕರ್ ಆದ. ಊರಿನ ಹೆಸರಿದ್ದರೆ ಕುಲಕಸುಬು ಯಾರಿಗೂ ಗೊತ್ತಾಗುವುದಿಲ್ಲ.

ಅವನ ತಂದೆ ಸಿದ್ದರಾಮಪ್ಪ ಊರಲ್ಲಿದ್ದಾಗ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದರು. ಆಮೇಲೆ ತೆಲುಗು ನಾಡಿನ ಲಿಂಗಂಪಲ್ಲಿಗೆ ಬಂದು ಇಸ್ತ್ರಿ ಅಂಗಡಿ ಇಟ್ಟು ಮಗನನ್ನು ಓದಿಸಿದರು. ಹೆಸರಿನ ಮಾತು ಬಂದಾಗ, "ನಿನ್ನ ನೌಕರಿಗೆ ಹೆಂಗ ಅನುಕೂಲನೋ ಹಂಗ ಮಾಡಪಾ" ಎಂದಿದ್ದರು, ಅಷ್ಟೇ.

ಚೇತನ ಕೆಲಸ ಮಾಡುವ ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಇಂಗ್ಲೆಂಡಿನಿಂದ ವಾಕರ್ ಎಂಬ ಎಂಜಿನಿಯರ್ ಬಂದಿದ್ದರು. ಒಂದು ಭಾನುವಾರ ಚೇತನ ಅವರನ್ನೂ ತನ್ನ ಮ್ಯಾನೇಜರ್ ಆಶಿಷ್ ರೆಡ್ಡಿಯವರನ್ನೂ ಊಟಕ್ಕೆ ಕರೆದ. ಚೇತನನದು ಜಮೀನ್ದಾರರ ಮನೆತನ ಎಂದು ರೆಡ್ಡಿ ತಿಳಿದಿದ್ದರು. ಚೇತನ ಅದನ್ನು ತಿದ್ದಿರಲಿಲ್ಲ.

ರೊಟ್ಟಿ, ಎಣಗಾಯಿಯ ನಡುವೆ ರೆಡ್ಡಿ ಇಂಗ್ಲಿಷಿನಲ್ಲಿ ತಮಾಷೆ ಮಾಡಿದರು. "ವಾಕರ್ ಅಂದರೆ ನಿಮ್ಮ ಹಿರಿಯರು ಬಹಳ ನಡೆಯುತ್ತಿದ್ದರಾ?"

"ನಡೆಯುತ್ತಿದ್ದರು, ಆದರೆ ಎಲ್ಲಿಗೂ ಹೋಗಲಿಲ್ಲ" ಎಂದು ವಾಕರ್ ನಕ್ಕರು. "ತೊಟ್ಟಿಯಲ್ಲಿ ಒದ್ದೆ ಉಣ್ಣೆ ಬಟ್ಟೆ ಹಾಕಿಕೊಂಡು ದಿನವಿಡೀ ತುಳಿಯುವುದೇ ಅವರ ಕೆಲಸ. ಜಿಡ್ಡು ಬಿಡಲೆಂದು ಹಳಸಿದ ಮೂತ್ರ ಸುರಿಯುತ್ತಿದ್ದರು. ಊರೆಲ್ಲ ಮೂಗು ಮುಚ್ಚಿಕೊಳ್ಳುತ್ತಿತ್ತು. ಹೆಸರು ಮಾತ್ರ ನಮಗೆ ಉಳಿಯಿತು."

ಸಿದ್ದರಾಮಪ್ಪ ಮಗನ ಕಡೆ ವಾಲಿದರು. "ಏನಂತಾರೋ ಸಾಹೇಬ್ರು?"

ಚೇತನ ಚುಟುಕಾಗಿ ಹೇಳಿದ. ಮುದುಕರ ಮುಖ ಅರಳಿತು.

"ಹಂಗಾದ್ರ ನಮ್ಮ ಪೈಕೀನ ಆದ್ರಲ್ಲೋ! ನಾವು ಚೌಳು ಮಣ್ಣು ಹಾಕತಿದ್ವಿ, ಅವರು ಉಚ್ಚಿ ಹಾಕತಿದ್ರು, ಅಷ್ಟ ಫರಕು. ನಮ್ಮಪ್ಪ ಮದುವಿ ಮೆರವಣಿಗ್ಯಾಗ ಮದುಮಗನ ಕಾಲ ಕೆಳಗ ಮಡಿ ಬಟ್ಟಿ ಹಾಸತಿದ್ದ, ಅದನ್ನೂ ಹೇಳು."

"ತಂದೆಯವರು ಏನೆನ್ನುತ್ತಾರೆ?" ವಾಕರ್ ಆಸಕ್ತಿಯಿಂದ ಕೇಳಿದರು.

ಚೇತನ ರೆಡ್ಡಿಯವರ ಮುಖ ನೋಡಿದ. "ನಮ್ಮದೂ ಬಟ್ಟೆ ಬಿಸಿನೆಸ್ ಇತ್ತು ಅಂತಾರೆ ಸಾರ್."

"ಅಲಾಗಾ?" ರೆಡ್ಡಿ ಮುದುಕರ ಕಡೆ ತಿರುಗಿ ತೆಲುಗಿನಲ್ಲೇ ಕೇಳಿದರು. "ಹೋಲ್‌ಸೇಲಾ, ಪೆದ್ದಾಯನಾ?"

ಇಸ್ತ್ರಿ ಅಂಗಡಿಯಲ್ಲಿ ವರ್ಷಗಟ್ಟಲೆ ಗಿರಾಕಿಗಳ ಜೊತೆ ತೆಲುಗಾಡಿದ ಸಿದ್ದರಾಮಪ್ಪನವರಿಗೆ ಮಗ ಏನು ಹೇಳಿದ್ದಾನೆಂದು ತಿಳಿಯಿತು. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು.

"ಅವುನು ಸಾರ್" ಎಂದು ತಲೆಯಾಡಿಸಿದರು. "ಹೋಲ್‌ಸೇಲ್."

ಅತಿಥಿಗಳು ಹೋದ ಮೇಲೆ ಚೇತನ ತಂದೆಯ ಹತ್ತಿರ ಬಂದು ಕೂತ.

"ಅಪ್ಪಾ, ಹಂಗ ಅನ್ನಬಾರದಿತ್ತು ನಾನು."

"ಇರಲಿ ಬಿಡು. ಮಂದಿ ಮುಂದ ನಿನ್ನ ಮಾತು ಸುಳ್ಳ ಮಾಡಲೇನು ನಾನು?" ಸಿದ್ದರಾಮಪ್ಪ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. "ಸಾಹೇಬ್ರು ತಮ್ಮದು ಹೇಳಿಕೊಂಡು ಎಷ್ಟು ಚಲೋ ನಕ್ಕರಲ್ಲ? ಅವರ ಕೂಡ ನನಗೂ ನಗಬೇಕನಿಸಿತ್ತು."



ರೆಡ್ಡಿಯವರ ಕಣ್ಣಲ್ಲಿ ಅವನ ಮನೆತನ ದೊಡ್ಡದಾಗಿಯೇ ಉಳಿಯಿತು. ಸಿದ್ದರಾಮಪ್ಪ ಮಾತ್ರ ಹಳ್ಳದಲ್ಲಿ ಬಟ್ಟೆ ಒಗೆದ ಮಾತನ್ನು ಆ ಮನೆಯಲ್ಲಿ ಮತ್ತೆ ಎತ್ತಲಿಲ್ಲ.