ಶೋರೂಮಿನಲ್ಲಿ ಕದರಪ್ಪನ ಟವಲು

ಕದರಪ್ಪ ದನದ ದಲ್ಲಾಳಿ. ಸಿರಾ, ಮಧುಗಿರಿ, ಪಾವಗಡದ ಸಂತೆಗಳಲ್ಲಿ ಒಂದು ಕಾಲಕ್ಕೆ ಒಳ್ಳೆಯ ಜೋಡಿ ಎತ್ತು ಕೈ ಬದಲಾಯಿಸಿದರೆ ಅದು ಅವನ ಟವಲಿನ ಕೆಳಗೇ ಆಗಬೇಕಿತ್ತು. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದು ಒತ್ತಿ ತಿಳಿಸಬೇಕು. ಈಗ ಸಂತೆಗೆ ಎತ್ತು ಬರುವುದೂ ಕಡಿಮೆ, ಅವನನ್ನು ಕರೆಯುವವರೂ ಕಡಿಮೆ. ಹಾಗಾಗಿ ಪಕ್ಕದ ಮನೆಯ ಶ್ರೀಲತಾ "ಕರೆಂಟಿನ ಆಟೋ ತಗೋಬೇಕು, ಮಧುಗಿರಿಗೆ ಬಾ ತಾತ, ಚೌಕಾಸಿ ಮಾಡಿಕೊಡು" ಎಂದಾಗ ಒಗೆದ ಟವಲು ಹೆಗಲಿಗೆ ಹಾಕಿಕೊಂಡು ಹೊರಟ.

ಶ್ರೀಲತಾ ಗೊರವನಹಳ್ಳಿಯಲ್ಲಿ ಬಸ್ಸಿಳಿದವರನ್ನು ಬಾಡಿಗೆ ಆಟೋದಲ್ಲಿ ಗುಡಿಗೆ ಬಿಡುತ್ತಿದ್ದಳು. ದುಡಿದದ್ದರಲ್ಲಿ ಅರ್ಧ ಆಟೋದ ಮಾಲೀಕನಿಗೇ ಹೋಗುತ್ತಿತ್ತು. ಸ್ವಂತದ್ದು ಬೇಕಿತ್ತು. ಮಧುಗಿರಿಯ ಶೋರೂಮಿನಲ್ಲಿ ಸಿಗುವ ಗಾಡಿಯನ್ನೇ ಕಂಪನಿ ನೇರವಾಗಿ ಫೋನಿನಲ್ಲಿ ಇಪ್ಪತ್ತು ಸಾವಿರ ಕಡಿಮೆಗೆ ಮಾರುತ್ತಿತ್ತು. ಆದರೆ ಮುಖ ಕಾಣದವರಿಂದ ಕೊಂಡು, ನಡುದಾರಿಯಲ್ಲಿ ನಿಂತರೆ ಯಾರನ್ನು ಕೇಳುವುದು ಎಂಬ ಅಳುಕು ಅವಳಿಗೆ.

ಶೋರೂಮಿನ ಹುಡುಗ ನವೀನ್ ಕುಮಾರ್ ಹ್ಯಾಂಡ್ಲಿಂಗ್ ಚಾರ್ಜು, ಮ್ಯಾಟು, ಸೀಟು ಕವರು ಎಂದು ಒಂದೊಂದಾಗಿ ಸೇರಿಸಿ ಬೆಲೆ ಹೇಳಿದ. ಕದರಪ್ಪ ಟವಲು ಕೆಳಗಿಳಿಸಿ ಕೈ ಚಾಚಿದ.

"ಏನ್ ತಾತ, ಮ್ಯಾಜಿಕ್ಕಾ?"

"ಕೈ ಕೊಡು ಕಣ್ಲಾ, ಕಚ್ಚಾಕಿಲ್ಲ."

ಹುಡುಗ ನಗುತ್ತಾ ಕೈ ಕೊಟ್ಟ. ಕದರಪ್ಪ ಅವನ ಬೆರಳು ಹಿಡಿದವನು ಒತ್ತದೆ ಬಾಯಲ್ಲೇ ಕೇಳಿದ.

"ಫೋನಿಗಿಂತ ಇಪ್ಪತ್ತು ಸಾವ್ರ ಜಾಸ್ತಿ. ಅದು ನಿಂದಾ?"

"ನಮ್ದೂ ಖರ್ಚಿರ್ತದಲ್ಲ ತಾತ."

"ಇರ್ಲಿ. ನಾನೂ ದಲ್ಲಾಳಿ ಕಾಸು ತಿಂದಿವ್ನಿ. ಆದ್ರೆ ನಾನು ಕೊಡ್ಸಿದ್ ಎತ್ತು ಅಮಾಸೆ ಒಳ್ಗೆ ಕುಂಟುದ್ರೆ ನಾನೇ ಹಿಡ್ಕಂಡ್ ವಾಪಸ್ ಹೋಯ್ತಿದ್ದೆ. ಈ ಗಾಡಿ ನಿಂತೋದ್ರೆ ನೀನ್ ಬತ್ತೀಯಾ?"

"ಅದು ಕಂಪನಿಯವ್ರಿಗೆ ಫೋನ್ ಮಾಡ್ಬೇಕು. ನಂಬರ್ ಕೊಡ್ತೀನಿ."

ಕದರಪ್ಪ ಬೆರಳು ಬಿಟ್ಟು ಟವಲು ಕೊಡವಿದ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ. ಹೊಣೆ ಹೊರದವನಿಗೆ ದಲ್ಲಾಳಿ ಕಾಸು ಸಲ್ಲುವುದಿಲ್ಲ ಎನ್ನುವುದು ಸಂತೆಯಲ್ಲಿ ಚೌಕಾಸಿಗೆ ಬರುವ ಮಾತಲ್ಲ.

ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದ: "ಫೋನಲ್ಲೇ ತಗಳಮ್ಮ. ಇವ್ನೂ ಅವ್ರಿಗೇ ಫೋನ್ ಮಾಡು ಅಂತಾನೆ. ಅದ್ಕೆ ಇವ್ನಿಗೆ ಇಪ್ಪತ್ತು ಸಾವ್ರ ಯಾಕೆ?"

"ಕೆಟ್ಟೋದ್ರೆ ತಾತ? ಬೆನ್ನಿಗೆ ಯಾರೂ ಇರಾಕಿಲ್ವಲ್ಲ."

"ನಾನಿಲ್ವಾ?"

"ನಿಂಗೆ ಮೋಟ್ರು ರಿಪೇರಿ ಗೊತ್ತಾ?"

"ಎತ್ತಿನ್ ಕಾಲು ರಿಪೇರಿ ಗೊತ್ತಿತ್ತಾ? ಮಾರ್ದೋನ್ ಬಾಗ್ಲಿಗೆ ಹಿಡ್ಕಂಡ್ ಹೋಗಿ ಜಗ್ಳ ಆಡಾದ್ ಗೊತ್ತಿತ್ತು. ಬೆಂಗ್ಳೂರಾದ್ರೂ ಸರಿ, ಆ ಕಂಪ್ನಿ ಬಾಗ್ಲಲ್ಲಿ ನಿನ್ ಜೊತೆ ಕೂತ್ಕತೀನಿ."

ಎಂಬತ್ತರ ಮುದುಕ ಎಲ್ಲಿ ಕೂತರೆ ಏನಾದೀತು ಎಂದು ಶ್ರೀಲತಾ ಕೇಳಬಹುದಿತ್ತು. ಕೇಳುವ ಬದಲು ಫೋನು ತೆಗೆದು ಕಂಪನಿಗೆ ಮುಂಗಡ ಕಟ್ಟಿದಳು.

"ಆಯ್ತಾ?"

"ಆಯ್ತು. ಮುಂದಿನ್ ವಾರ ಮನೆ ಬಾಗ್ಲಿಗೇ ಬತ್ತದಂತೆ."

"ನಾನ್ ಬರಗಂಟ ಇಳಿಸ್ಕಬ್ಯಾಡ," ಎಂದು ಕದರಪ್ಪ ಟೀ ಊದಿದ. "ಸುಮ್ನೆ ನಿಂತಾಗ ಎಲ್ಲಾವೂ ಚೆನ್ನಾಗೇ ಕಾಣ್ತವೆ. ನಡೆಸಿ ನೋಡ್ಬೇಕು."